ಬೀಡಿ ಬಿಟ್ಟ ಅಪ್ಪನಿಗೆ ಬೀಟಾ ಕ್ಯಾರೊಟಿನ್ ಮಾತ್ರೆ ಕೊಡಬಹುದೇ? ಕ್ಯಾರೆಟ್, ಸಿಹಿಗುಂಬಳವನ್ನೂ ನಿಲ್ಲಿಸಬೇಕೇ?

ತಿಪಟೂರಿನವ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಈಗ 68 ವರ್ಷ. ನಲವತ್ತು ವರ್ಷ ಬೀಡಿ ಸೇದಿದವರು, ಐದು ವರ್ಷದ ಹಿಂದೆ ಅದನ್ನು ಪೂರ್ತಿಯಾಗಿ ಬಿಟ್ಟಿದ್ದಾರೆ. ಕಳೆದ ತಿಂಗಳು ಕಣ್ಣಿನ ತಪಾಸಣೆ ಮಾಡಿಸಿದಾಗ, ಎರಡೂ ಕಣ್ಣುಗಳ ಮ್ಯಾಕ್ಯುಲಾದಲ್ಲಿ, ಅಂದರೆ ಕಣ್ಣಿನ ಹಿಂಭಾಗದ ಪರದೆಯ ನಡುಭಾಗದಲ್ಲಿ, ಹಳದಿ ಚುಕ್ಕೆಗಳು ಕಂಡಿವೆ, ವಯಸ್ಸಿನ ಕಾರಣದಿಂದ ಬರುವ ಮ್ಯಾಕ್ಯುಲಾ ಸವೆತ ಮಧ್ಯಮ ಹಂತದಲ್ಲಿದೆ ಎಂದು ವೈದ್ಯರು ಬರೆದುಕೊಟ್ಟರು. ಈ ಸುದ್ದಿ ಕೇಳಿದ ನನ್ನ ಚಿಕ್ಕಪ್ಪನ ಮಗ ಅಮೆರಿಕದಿಂದ ಬರುವಾಗ ಕಣ್ಣಿಗೆಂದೇ ಮಾಡಿದ ಜೀವಸತ್ವದ ಮಾತ್ರೆಗಳ ದೊಡ್ಡ ಡಬ್ಬಿಯೊಂದನ್ನು ಪ್ರೀತಿಯಿಂದ ತಂದುಕೊಟ್ಟಿದ್ದಾನೆ. ಅದರ ಮೇಲಿನ ಪಟ್ಟಿಯಲ್ಲಿ ದಿನಕ್ಕೆ 15 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಎಂದು ಬರೆದಿದೆ. ಕ್ಯಾರೆಟ್‌ಗೆ ಬಣ್ಣ ಕೊಡುವ, ದೇಹದಲ್ಲಿ ವಿಟಮಿನ್ ಎ ಆಗುವ ವಸ್ತುವಂತೆ ಅದು.

ಧೂಮಪಾನ ಮಾಡುವವರಿಗೆ ಈ ಬೀಟಾ ಕ್ಯಾರೊಟಿನ್ ಒಳ್ಳೆಯದಲ್ಲ ಎಂದು ಎಲ್ಲೋ ಓದಿದ ನೆನಪು ನನಗಿದೆ. ಅಪ್ಪ ಬೀಡಿ ಬಿಟ್ಟು ಐದು ವರ್ಷವಾಗಿರುವುದರಿಂದ ಅವರಿಗೆ ಇದನ್ನು ಕೊಡಬಹುದೇ? ಕೊಡಬಾರದು ಎಂದಾದರೆ, ಅದೇ ವಸ್ತು ಇರುವ ಕ್ಯಾರೆಟ್, ಸಿಹಿಗುಂಬಳ, ಪರಂಗಿ ಹಣ್ಣುಗಳನ್ನೂ ನಿಲ್ಲಿಸಬೇಕೇ? ನನ್ನ ಮಾತು ಕೇಳಿ ಹೆದರಿದ ಅಮ್ಮ ಎರಡು ವಾರದಿಂದ ಮನೆಯಲ್ಲಿ ಕ್ಯಾರೆಟ್ ಪಲ್ಯವನ್ನೇ ಮಾಡಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ನೇತ್ರತಜ್ಞೆ, ಹುಬ್ಬಳ್ಳಿ

ಮಾತ್ರೆಯನ್ನು ಇವತ್ತೇ ನಿಲ್ಲಿಸಿ, ಕ್ಯಾರೆಟ್ ಪಲ್ಯವನ್ನು ಇವತ್ತೇ ಮತ್ತೆ ಶುರು ಮಾಡಲು ತಾಯಿಯವರಿಗೆ ಹೇಳಿ. ಎರಡರಲ್ಲಿರುವುದೂ ಒಂದೇ ವಸ್ತುವಾದರೂ ಉತ್ತರ ಬೇರೆ ಬೇರೆಯಾಗಿರುವುದಕ್ಕೆ ಕಾರಣವಿದೆ, ಮತ್ತು ಆ ಕಾರಣ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಹಣ್ಣು, ತರಕಾರಿಗಳನ್ನು ಹೆಚ್ಚು ತಿನ್ನುವವರಲ್ಲಿ, ರಕ್ತದಲ್ಲಿ ಬೀಟಾ ಕ್ಯಾರೊಟಿನ್ ಹೆಚ್ಚಿರುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಇರುತ್ತದೆ ಎಂಬುದು 1970 ಮತ್ತು 80ರ ದಶಕದ ಹಲವು ಸಮೀಕ್ಷೆಗಳಲ್ಲಿ ಕಂಡುಬಂದಿತ್ತು. ಹಾಗಾದರೆ ಆ ಒಂದು ವಸ್ತುವನ್ನೇ ಮಾತ್ರೆ ಮಾಡಿ ಕೊಟ್ಟರೆ ಕ್ಯಾನ್ಸರನ್ನು ತಡೆಯಬಹುದಲ್ಲವೇ ಎಂಬ ಆಸೆ ಹುಟ್ಟಿದ್ದು ಸಹಜವೇ. ಫಿನ್‌ಲೆಂಡ್‌ನಲ್ಲಿ ಧೂಮಪಾನ ಮಾಡುವ 29,133 ಗಂಡಸರನ್ನು ಆಯ್ದು, ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಕೊಟ್ಟು, ಐದರಿಂದ ಎಂಟು ವರ್ಷ ನೋಡಿದರು. 1994ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ದಿಗ್ಭ್ರಮೆಗೊಳಿಸಿತು. ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಾಗಿತ್ತು. ಆ ಹೊತ್ತಿಗೆ ಅಮೆರಿಕದಲ್ಲಿ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. ಅದರಲ್ಲಿ ಧೂಮಪಾನಿಗಳು, ಧೂಮಪಾನ ಬಿಟ್ಟವರು, ಕಲ್ನಾರಿನ (ಆಸ್ಬೆಸ್ಟಾಸ್) ಕೆಲಸ ಮಾಡಿದವರು ಸೇರಿ 18 ಸಾವಿರಕ್ಕೂ ಹೆಚ್ಚು ಜನರಿದ್ದರು. ಅಲ್ಲಿ ಕೊಡುತ್ತಿದ್ದುದು 30 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಮತ್ತು ಅದರೊಡನೆ ವಿಟಮಿನ್ ಎ. ಅಲ್ಲಿಯೂ ಕ್ಯಾನ್ಸರ್ ಶೇ. 28ರಷ್ಟು ಹೆಚ್ಚಾದದ್ದರಿಂದ 1996ರ ಜನವರಿಯಲ್ಲಿ ಅವಧಿಗೆ ಮೊದಲೇ ಪ್ರಯೋಗವನ್ನು ನಿಲ್ಲಿಸಿದರು.

ಇನ್ನು ನಿಮ್ಮ ಡಬ್ಬಿಯ ವಿಷಯ. ಮ್ಯಾಕ್ಯುಲಾ ಸವೆತದ ಮೇಲೆ ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯವರು ನಡೆಸಿದ ಮೊದಲ ದೊಡ್ಡ ಪ್ರಯೋಗದ ಫಲಿತಾಂಶ 2001ರಲ್ಲಿ ಬಂತು. ವಿಟಮಿನ್ ಸಿ, ವಿಟಮಿನ್ ಇ, ಸತು ಮತ್ತು 15 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಸೇರಿದ ಮಾತ್ರೆಯು ರೋಗ ಕೊನೆಯ ಹಂತಕ್ಕೆ ಹೋಗುವ ಅಪಾಯವನ್ನು ಸುಮಾರು ಶೇ. 25ರಷ್ಟು ತಗ್ಗಿಸಿತು. ನಿಮ್ಮ ಸಹೋದರ ತಂದಿರುವುದು ಈ ಹಳೆಯ ಸೂತ್ರದ ಮಾತ್ರೆ. 2013ರಲ್ಲಿ ಎರಡನೆಯ ಪ್ರಯೋಗದ ಫಲಿತಾಂಶ ಬಂದಾಗ, ಬೀಟಾ ಕ್ಯಾರೊಟಿನ್ ಬದಲು 10 ಮಿಲಿಗ್ರಾಂ ಲೂಟಿನ್ ಮತ್ತು 2 ಮಿಲಿಗ್ರಾಂ ಝಿಯಾಜಾಂಥಿನ್ ಎಂಬ ಹಳದಿ ಬಣ್ಣದ ವಸ್ತುಗಳನ್ನು ಹಾಕಿದರೂ ಕಣ್ಣಿಗೆ ಅಷ್ಟೇ ಪ್ರಯೋಜನವಿದೆ ಎಂಬುದು ಖಚಿತವಾಯಿತು. ಈಗ ನಾವು ಬರೆದುಕೊಡುವುದು ಈ ಹೊಸ ಸೂತ್ರವನ್ನೇ.

ನೀವು ಕೇಳಿದ ಮುಖ್ಯ ಪ್ರಶ್ನೆಗೆ ಉತ್ತರ ಸಿಗುವುದೂ ಆ ಎರಡನೆಯ ಪ್ರಯೋಗದಲ್ಲಿಯೇ. ಆಗ ಧೂಮಪಾನ ಮಾಡುತ್ತಿದ್ದವರಿಗೆ ಅದರಲ್ಲಿ ಬೀಟಾ ಕ್ಯಾರೊಟಿನ್ ಕೊಟ್ಟಿರಲೇ ಇಲ್ಲ. ಆದರೂ ಬೀಟಾ ಕ್ಯಾರೊಟಿನ್ ಪಡೆದ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿತು, ಮತ್ತು ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರು ಹಿಂದೆ ಧೂಮಪಾನ ಮಾಡಿ ಬಿಟ್ಟವರೇ ಆಗಿದ್ದರು. ಹತ್ತು ವರ್ಷ ಕಳೆದು ನೋಡಿದಾಗಲೂ ಲೂಟಿನ್ ಗುಂಪಿನಲ್ಲಿ ಅಂಥ ಏರಿಕೆ ಇರಲಿಲ್ಲ, ಬೀಟಾ ಕ್ಯಾರೊಟಿನ್ ಗುಂಪಿನಲ್ಲಿ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟಿಗೆ ಹತ್ತಿರವಿತ್ತು. ಆದ್ದರಿಂದ ಐದು ವರ್ಷದ ಹಿಂದೆ ಬೀಡಿ ಬಿಟ್ಟಿದ್ದಾರೆ ಎಂಬ ಮಾತು ಈ ಮಾತ್ರೆಯ ವಿಷಯದಲ್ಲಿ ರಕ್ಷಣೆಯಾಗುವುದಿಲ್ಲ. ಅವರು ಬೀಡಿ ಬಿಟ್ಟಿದ್ದು ಮಾತ್ರ ಬಹಳ ದೊಡ್ಡ ಕೆಲಸ, ಕಣ್ಣಿಗೂ ಎದೆಗೂ ಅದಕ್ಕಿಂತ ಒಳ್ಳೆಯ ಔಷಧ ಬೇರೆಯಿಲ್ಲ ಎಂದು ನನ್ನ ಪರವಾಗಿ ತಿಳಿಸಿ.

ಪ್ರಕೃತಿಪ್ರಿಯ, ಮಂಡ್ಯ

ಡಾಕ್ಟರ್ ಅವರಲ್ಲಿ ಒಂದು ವಿನಯಪೂರ್ವಕ ಆಕ್ಷೇಪ. ಆ ಪ್ರಯೋಗಗಳಲ್ಲಿ ಬಳಸಿದ್ದು ಕಾರ್ಖಾನೆಯಲ್ಲಿ ತಯಾರಿಸಿದ ಬೀಟಾ ಕ್ಯಾರೊಟಿನ್. ಪಾಚಿಯಿಂದಲೋ ತಾಳೆಯೆಣ್ಣೆಯಿಂದಲೋ ತೆಗೆದ ನೈಸರ್ಗಿಕ ಬೀಟಾ ಕ್ಯಾರೊಟಿನ್ ಮಾತ್ರೆಗಳೂ ಸಿಗುತ್ತವೆ. ಅದನ್ನು ಕೊಟ್ಟರೆ ತೊಂದರೆಯಿಲ್ಲ ಎಂಬುದು ನನ್ನ ನಂಬಿಕೆ.

ನೇತ್ರತಜ್ಞೆ, ಹುಬ್ಬಳ್ಳಿ

ನಿಮ್ಮ ಆಕ್ಷೇಪ ನ್ಯಾಯವಾದದ್ದೇ, ಏಕೆಂದರೆ ನೈಸರ್ಗಿಕ ಸಾರದಲ್ಲಿ ಅಣುವಿನ ಬೇರೆ ಬೇರೆ ರೂಪಗಳು ಬೆರೆತಿರುತ್ತವೆ ಎಂಬುದು ನಿಜ. ಆದರೆ ಅದರಲ್ಲಿಯೂ ದೊಡ್ಡ ಪಾಲು ಅದೇ ಬೀಟಾ ಕ್ಯಾರೊಟಿನ್. ಎಣ್ಣೆಯಲ್ಲಿ ಕರಗಿಸಿ ಒಂದೇ ಗುಟುಕಿಗೆ ಅಷ್ಟೊಂದು ಪ್ರಮಾಣ ನುಂಗಿದಾಗ ರಕ್ತಕ್ಕೆ ಏರುವ ಮಟ್ಟವೂ ಆಹಾರದಿಂದ ಬರುವ ಮಟ್ಟಕ್ಕಿಂತ ಬಹಳ ಹೆಚ್ಚಾಗಿರುತ್ತದೆ. ಫಿನ್‌ಲೆಂಡ್‌ನ ಪ್ರಯೋಗದಲ್ಲಿ ಮಾತ್ರೆ ನುಂಗಿದವರ ರಕ್ತದಲ್ಲಿ ಬೀಟಾ ಕ್ಯಾರೊಟಿನ್ ಮೊದಲಿಗಿಂತ ಹತ್ತು ಪಟ್ಟಿಗೂ ಮೀರಿ ಏರಿತ್ತು. ಹೊಗೆಯಿಂದ ಹಾಳಾದ ಶ್ವಾಸಕೋಶದಲ್ಲಿ ಇಷ್ಟೊಂದು ಬೀಟಾ ಕ್ಯಾರೊಟಿನ್ ಸೇರಿದರೆ ಅದು ಒಡೆದು ಬೇರೆ ಬೇರೆ ಚೂರುಗಳಾಗುತ್ತದೆ, ಆ ಚೂರುಗಳು ಜೀವಕೋಶಗಳ ಬೆಳವಣಿಗೆಯ ಹದವನ್ನು ಕೆಡಿಸುತ್ತವೆ ಎಂಬುದು ಫೆರೆಟ್ ಎಂಬ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಬಂದ ವಿವರಣೆ. ಗಿಡದಿಂದ ಬಂದ ಅಣು, ಕಾರ್ಖಾನೆಯಿಂದ ಬಂದ ಅಣು ಎಂಬ ಭೇದವನ್ನು ಹೊಗೆ ಮಾಡಲಾರದು. ನಲವತ್ತು ವರ್ಷ ಬೀಡಿ ಸೇದಿದ ಒಬ್ಬ ತಂದೆಯ ಎದೆಯ ಮೇಲೆ ನಂಬಿಕೆಯನ್ನು ಪರೀಕ್ಷಿಸಲು ನಾನು ಒಪ್ಪುವುದಿಲ್ಲ.

ಆಹಾರ ರಸಾಯನಶಾಸ್ತ್ರದ ಅಧ್ಯಾಪಕ, ಮೈಸೂರು

ಡಾಕ್ಟರ್ ಅವರು ಮಾತ್ರೆಯ ವಿಷಯವನ್ನು ಸ್ಪಷ್ಟಪಡಿಸಿದ್ದಾರೆ. ನಾನು ಅಡುಗೆಮನೆಯ ಕಡೆಯಿಂದ ಹೇಳುತ್ತೇನೆ, ಏಕೆಂದರೆ ತಟ್ಟೆಯ ಮೇಲೆ ಕಾಣುವ ಬಣ್ಣ ಬೇರೆ, ದೇಹಕ್ಕೆ ದಕ್ಕುವ ಬಣ್ಣ ಬೇರೆ ಎಂಬ ಸಂಗತಿ ನಮ್ಮ ಆಹಾರದ ಮಾತುಕತೆಗಳಲ್ಲಿ ಬರುವುದೇ ಅಪರೂಪ.

ಕ್ಯಾರೊಟಿನಾಯ್ಡ್ ಎಂಬುದು ಒಂದು ವಸ್ತುವಿನ ಹೆಸರಲ್ಲ, ಬೀಟಾ ಕ್ಯಾರೊಟಿನ್ ಸೇರಿದ ವರ್ಣದ್ರವ್ಯಗಳ ಒಂದು ದೊಡ್ಡ ಕುಟುಂಬದ ಹೆಸರು. ವಾಕೆನ್‌ರೋಡರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ 1831ರಲ್ಲಿ ಕ್ಯಾರೆಟ್‌ನಿಂದ ಮೊದಲು ಬೇರ್ಪಡಿಸಿದ್ದರಿಂದ ಕ್ಯಾರೊಟಿನ್ ಎಂಬ ಹೆಸರು ಬಂತು. ಅದರ ರಚನೆಯನ್ನು ಬಿಡಿಸಿ ತೋರಿಸಿದ ಪೌಲ್ ಕಾರರ್ ಅವರಿಗೆ 1937ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಪ್ರಕೃತಿಯಲ್ಲಿ ಇಂಥ ವರ್ಣದ್ರವ್ಯಗಳು ನೂರಾರು ಇದ್ದರೂ ನಮ್ಮ ದೇಹದಲ್ಲಿ ವಿಟಮಿನ್ ಎ ಆಗಿ ಮಾರ್ಪಡುವವು ಬೆರಳೆಣಿಕೆಯಷ್ಟು, ಅವುಗಳಲ್ಲಿ ಮುಖ್ಯವಾದವು ಬೀಟಾ ಕ್ಯಾರೊಟಿನ್, ಆಲ್ಫಾ ಕ್ಯಾರೊಟಿನ್ ಮತ್ತು ಪರಂಗಿ ಹಣ್ಣು, ಕಿತ್ತಳೆಗಳಲ್ಲಿರುವ ಬೀಟಾ ಕ್ರಿಪ್ಟೊಜಾಂಥಿನ್. ಟೊಮೆಟೊ, ಕಲ್ಲಂಗಡಿ, ಕೆಂಪು ತಿರುಳಿನ ಸೀಬೆಗಳ ಲೈಕೊಪೀನ್ ಎಷ್ಟು ಕೆಂಪಾಗಿದ್ದರೂ ಅದರಿಂದ ವಿಟಮಿನ್ ಎ ಆಗುವುದಿಲ್ಲ. ಬೀಟ್‌ರೂಟಿನ ಕೆಂಪು, ಅರಿಶಿನದ ಹಳದಿ ಈ ಕುಟುಂಬಕ್ಕೆ ಸೇರಿದವೇ ಅಲ್ಲ. ಹಾಗೆಯೇ ಕಡು ಹಸಿರಾಗಿ ಕಾಣುವ ಸೊಪ್ಪಿನಲ್ಲಿ ಬೀಟಾ ಕ್ಯಾರೊಟಿನ್ ಧಾರಾಳವಾಗಿರುತ್ತದೆ. ಪತ್ರಹರಿತ್ತಿನ ಹಸಿರು ಅದನ್ನು ಮುಚ್ಚಿರುತ್ತದೆ ಅಷ್ಟೆ. ನುಗ್ಗೆ ಸೊಪ್ಪಿನಲ್ಲಿ ಕ್ಯಾರೆಟ್‌ಗಿಂತಲೂ ಹೆಚ್ಚು ಬೀಟಾ ಕ್ಯಾರೊಟಿನ್ ಇದೆ ಎಂದರೆ ಬಹಳ ಜನ ನಂಬುವುದಿಲ್ಲ.

ಈಗ ದಕ್ಕುವ ಲೆಕ್ಕ. 100 ಗ್ರಾಂ ಕ್ಯಾರೆಟ್‌ನಲ್ಲಿ ಸುಮಾರು 8 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಇದೆ ಎಂದುಕೊಳ್ಳೋಣ. ಆಹಾರದಿಂದ ಬರುವ ಬೀಟಾ ಕ್ಯಾರೊಟಿನ್ 12 ಭಾಗ ತಿಂದರೆ ಒಂದು ಭಾಗ ವಿಟಮಿನ್ ಎ ಸಿಗುತ್ತದೆ ಎಂಬುದು 2001ರಿಂದ ಅಮೆರಿಕದವರು ಬಳಸುತ್ತಿರುವ ಲೆಕ್ಕ. ಅದರಂತೆ 8 ಮಿಲಿಗ್ರಾಂ ಎಂದರೆ ಸುಮಾರು 700 ಮೈಕ್ರೊಗ್ರಾಂ ವಿಟಮಿನ್ ಎ. ನಮ್ಮ ದೇಶದ 2020ರ ಶಿಫಾರಸಿನಂತೆ ಗಂಡಸರಿಗೆ ದಿನಕ್ಕೆ 1,000, ಹೆಂಗಸರಿಗೆ 840 ಮೈಕ್ರೊಗ್ರಾಂ ಬೇಕು. ಎಣ್ಣೆಯಲ್ಲಿ ಕರಗಿಸಿದ ಮಾತ್ರೆಯಾದರೆ ಎರಡು ಭಾಗಕ್ಕೆ ಒಂದು ಭಾಗ ಸಿಗುತ್ತದೆ. ತಿಪಟೂರಿನವರ ಡಬ್ಬಿಯ 15 ಮಿಲಿಗ್ರಾಂ ಏಕೆ ಅಷ್ಟು ಭಾರಿ ಪ್ರಮಾಣ ಎಂಬುದು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. ಕ್ಯಾರೆಟ್ ತನ್ನಲ್ಲಿರುವುದನ್ನು ಬಿಗಿಯಾಗಿ ಹಿಡಿದುಕೊಂಡು ನಿಧಾನವಾಗಿ, ಸ್ವಲ್ಪವೇ ಬಿಟ್ಟುಕೊಡುತ್ತದೆ.

ಹೀಗೆ ಹಿಡಿದುಕೊಳ್ಳುವ ಬಗೆ ಒಂದೊಂದರಲ್ಲಿ ಒಂದೊಂದು ರೀತಿ. ಕ್ಯಾರೆಟ್‌ನಲ್ಲಿ ಅದು ಜೀವಕೋಶದೊಳಗೆ ಸಣ್ಣ ಹರಳುಗಳ ರೂಪದಲ್ಲಿರುತ್ತದೆ. ಸೊಪ್ಪಿನಲ್ಲಿ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಮಾವು, ಪರಂಗಿಯಂಥ ಹಣ್ಣುಗಳಲ್ಲಿ ಬಹುಪಾಲು ಎಣ್ಣೆಯ ಹನಿಗಳಲ್ಲಿ ಕರಗಿರುವುದರಿಂದ ಸುಲಭವಾಗಿ ಬಿಡುಗಡೆಯಾಗುತ್ತದೆ. ಬೇಯಿಸಿದಾಗ, ರುಬ್ಬಿದಾಗ ಕೋಶದ ಗೋಡೆ ಒಡೆಯುತ್ತದೆ, ಹೊರಬಂದ ಬಣ್ಣ ಊಟದಲ್ಲಿರುವ ಜಿಡ್ಡಿನಲ್ಲಿ ಕರಗಿ, ಪಿತ್ತರಸದ ನೆರವಿನಿಂದ ಕರುಳಿನ ಗೋಡೆಯನ್ನು ದಾಟುತ್ತದೆ. ಜಿಡ್ಡೇ ಇಲ್ಲದಿದ್ದರೆ ಬಣ್ಣ ಬಂದ ದಾರಿಯಲ್ಲಿಯೇ ಹೊರಟುಹೋಗುತ್ತದೆ. ಅಮೆರಿಕದ ಅಯೋವಾದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಎಣ್ಣೆಯಿಲ್ಲದ ಹಸಿ ಸಲಾಡ್ ತಿಂದವರ ರಕ್ತಕ್ಕೆ ಕ್ಯಾರೊಟಿನಾಯ್ಡ್‌ಗಳು ಹೆಚ್ಚುಕಡಿಮೆ ಸೇರಲೇ ಇಲ್ಲ. ತೂಕ ಇಳಿಸಲೆಂದು ಬರಿಯ ಹಸಿ ಕ್ಯಾರೆಟ್ ಕಡಿದು ಊಟ ಮುಗಿಸುವವರು ಇದನ್ನು ಗಮನಿಸಬೇಕು. ಒಂದು ಚಮಚ ಎಣ್ಣೆಯ ಒಗ್ಗರಣೆ, ಒಂದು ಹಿಡಿ ಕಾಯಿತುರಿ ಸಾಕು, ಕರಿಯಬೇಕಾಗಿಲ್ಲ.

ಶಿರಸಿಯ ಗೃಹಿಣಿ

ಅಧ್ಯಾಪಕರೇ, ನಿಮ್ಮ ಬರಹ ಓದಿ ನನಗೆ ಎರಡು ಸಂದೇಹಗಳು ಬಂದವು. ನಮ್ಮ ಕಡೆ ಹೊನಗೊನೆ ಸೊಪ್ಪು ಕಣ್ಣಿಗೆ ತಂಪು, ಒಳ್ಳೆಯದು ಎಂದು ಹಿರಿಯರು ಹೇಳುತ್ತಿದ್ದರು. ನಮ್ಮ ಅತ್ತೆಯವರು ಅದನ್ನು ತಂಬುಳಿಗೆ ಹಾಕುವಾಗ ಮೊದಲು ಬಾಣಲೆಗೆ ತುಪ್ಪ ಬಿಟ್ಟು, ಜೀರಿಗೆ, ನಾಲ್ಕು ಕಾಳುಮೆಣಸು ಹಾಕಿ, ಎಲೆಗಳು ಬಾಡಿ ಒಂದು ಹಿಡಿಯಷ್ಟಾಗುವವರೆಗೆ ಹುರಿದು, ಆಮೇಲೆ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ ಮಜ್ಜಿಗೆ ಬೆರೆಸುತ್ತಿದ್ದರು. ಹಸಿ ಎಲೆಯನ್ನೇ ರುಬ್ಬಿದರೆ ಸತ್ವ ಹೆಚ್ಚು ಎಂದು ಈಗ ಕೆಲವರು ಹೇಳುತ್ತಾರೆ. ಯಾವುದು ಸರಿ? ಎರಡನೆಯದು, ಬಯಲುಸೀಮೆಯ ನನ್ನ ಗೆಳತಿ ಬಸ್ಸಾರಿಗೆ ಸೊಪ್ಪು ಬೇಯಿಸಿ ನೀರು ಬಸಿಯುತ್ತಾಳೆ. ಈ ಬಣ್ಣವೆಲ್ಲ ಆ ನೀರಿನಲ್ಲಿ ಹೋಗುವುದಿಲ್ಲವೇ?

ಆಹಾರ ರಸಾಯನಶಾಸ್ತ್ರದ ಅಧ್ಯಾಪಕ, ಮೈಸೂರು

ಅಮ್ಮಾ, ನಿಮ್ಮ ಅತ್ತೆಯವರ ತಂಬುಳಿಯನ್ನು ನಾನು ತರಗತಿಯಲ್ಲಿ ಉದಾಹರಣೆಯಾಗಿ ಕೊಡಬಹುದು, ಅಷ್ಟು ಸರಿಯಾಗಿದೆ. ತುಪ್ಪ ಜಿಡ್ಡನ್ನು ಕೊಡುತ್ತದೆ, ಬಿಸಿ ಕೋಶವನ್ನು ಸಡಿಲಿಸುತ್ತದೆ, ರುಬ್ಬುವ ಕಲ್ಲು ಉಳಿದ ಗೋಡೆಗಳನ್ನು ಒಡೆಯುತ್ತದೆ, ಕಾಯಿತುರಿ ಇನ್ನಷ್ಟು ಜಿಡ್ಡನ್ನು ಸೇರಿಸುತ್ತದೆ. ಹಸಿ ಎಲೆಯಲ್ಲಿ ವಿಟಮಿನ್ ಸಿ ಹೆಚ್ಚು ಉಳಿಯುತ್ತದೆ ಎಂಬುದು ನಿಜ, ಆದರೆ ಬೀಟಾ ಕ್ಯಾರೊಟಿನ್ ಮತ್ತು ಲೂಟಿನ್ ವಿಷಯದಲ್ಲಿ ಹದವಾಗಿ ಬೇಯಿಸಿದ್ದೇ ಮೇಲು. ಬಸ್ಸಾರಿನ ನೀರಿನ ಬಗ್ಗೆ ಚಿಂತೆ ಬೇಡ, ಕ್ಯಾರೊಟಿನಾಯ್ಡ್‌ಗಳು ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಅವು ಸೊಪ್ಪಿನಲ್ಲಿಯೇ ಉಳಿದು ಪಲ್ಯದೊಂದಿಗೆ ಹೊಟ್ಟೆ ಸೇರುತ್ತವೆ. ನೀರಿಗೆ ಇಳಿಯುವ ವಿಟಮಿನ್ ಸಿ, ಫೋಲೇಟ್‌ಗಳ ಒಂದಷ್ಟು ಪಾಲು ಸಾರಿನಲ್ಲಿ ಸಿಗುತ್ತದೆ. ಎರಡನ್ನೂ ಉಣ್ಣುವ ಮನೆಯಲ್ಲಿ ನಷ್ಟ ಕಡಿಮೆ.

ಇದಕ್ಕೆ ಸಂಬಂಧಿಸಿದ ಒಳ್ಳೆಯ ಸಂಶೋಧನೆ ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿಯೇ, ಅಂದರೆ ಸಿಎಫ್‌ಟಿಆರ್‌ಐನಲ್ಲಿ ನಡೆದಿದೆ. ಅಲ್ಲಿನ ಕಲ್ಪನಾ ಪ್ಲಾಟೆಲ್, ಕೃಷ್ಣಾಪುರ ಶ್ರೀನಿವಾಸನ್ ಮತ್ತು ಸಂಗಡಿಗರು ನಮ್ಮ ಮಾರುಕಟ್ಟೆಯ ಮಾವಿನ ತಳಿಗಳನ್ನು ತೆಗೆದುಕೊಂಡು, ಹೊಟ್ಟೆ ಮತ್ತು ಕರುಳಿನ ಸ್ಥಿತಿಯನ್ನು ಗಾಜಿನ ಪಾತ್ರೆಯಲ್ಲಿ ನಿರ್ಮಿಸಿ, ಎಷ್ಟು ಬೀಟಾ ಕ್ಯಾರೊಟಿನ್ ಬಿಡುಗಡೆಯಾಗುತ್ತದೆ ಎಂದು ಅಳೆದರು. ಅವರು ನೋಡಿದ ತಳಿಗಳಲ್ಲಿ ಬಾದಾಮಿಯಲ್ಲಿ ಬೀಟಾ ಕ್ಯಾರೊಟಿನ್ ಅತಿ ಹೆಚ್ಚು, ಮಲಗೋವಾದಲ್ಲಿ ಅತಿ ಕಡಿಮೆ ಇತ್ತು, ನಡುವಿನ ವ್ಯತ್ಯಾಸ ಐದು ಪಟ್ಟಿಗೂ ಹೆಚ್ಚು. ಮಾವು ಎಂದು ಒಂದೇ ಅಂಕಿಯನ್ನು ಬರೆಯುವ ಪಟ್ಟಿಗಳನ್ನು ನಾನು ಆಮೇಲೆ ನಂಬುವುದನ್ನೇ ಬಿಟ್ಟೆ. ಇನ್ನೂ ಸೊಗಸಾದ ಸಂಗತಿಯೆಂದರೆ, ಹಣ್ಣಿಗೆ ಹಾಲು ಸೇರಿಸಿದಾಗ ಬಿಡುಗಡೆಯಾಗುವ ಪ್ರಮಾಣ ಸಾಮಾನ್ಯವಾಗಿ ಹೆಚ್ಚಾಯಿತು. ಬೇಸಗೆಯಲ್ಲಿ ನಾವು ಮಾಡುವ ಮಾವಿನ ಸೀಕರಣೆ ಇದೇ ಅಲ್ಲವೇ? ಅದೇ ತಂಡದವರು ಸೊಪ್ಪು, ತರಕಾರಿಗಳಿಗೆ ನಿಂಬೆರಸ, ಹುಣಸೆ ಮೊದಲಾದ ಹುಳಿಗಳನ್ನು, ಅರಿಶಿನ, ಈರುಳ್ಳಿಗಳನ್ನು ಸೇರಿಸಿಯೂ ಪರೀಕ್ಷಿಸಿದ್ದಾರೆ. ಎಲ್ಲವೂ ಎಲ್ಲದಕ್ಕೂ ಒಂದೇ ರೀತಿ ನೆರವಾಗದಿದ್ದರೂ ಹಲವು ಜೋಡಣೆಗಳು ಒಳ್ಳೆಯ ಫಲವನ್ನೇ ತೋರಿದವು.

ಅಂಗನವಾಡಿ ಕಾರ್ಯಕರ್ತೆ, ಯಾದಗಿರಿ ಜಿಲ್ಲೆ

ಇಲ್ಲಿಯವರೆಗೆ ದೊಡ್ಡವರ ಮಾತಾಯಿತು, ಮಕ್ಕಳ ಮಾತನ್ನೂ ಸೇರಿಸಬೇಕು ಎನ್ನಿಸಿ ಬರೆಯುತ್ತಿದ್ದೇನೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ನಮ್ಮ ಕೇಂದ್ರಕ್ಕೆ ಬರುತ್ತಿದ್ದ ಮೂರು ವರ್ಷದ ಹುಡುಗಿಯೊಬ್ಬಳು ಬೆಳಗ್ಗೆ ಚೆನ್ನಾಗಿ ಓಡಾಡುತ್ತಿದ್ದಳು, ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾತ್ರ ಗೋಡೆ ಹಿಡಿದು ನಡೆಯುತ್ತಾಳೆ, ಹೊಸ್ತಿಲು ಎಡವುತ್ತಾಳೆ ಎಂದು ಅವಳ ಅಜ್ಜಿ ಹೇಳಿದರು. ಕಣ್ಣಿನ ಬಿಳಿಯ ಭಾಗದಲ್ಲಿ, ಕರಿಗುಡ್ಡೆಯ ಪಕ್ಕದಲ್ಲಿ ಸೋಪಿನ ನೊರೆಯಂಥ ಚಿಕ್ಕ ಮಚ್ಚೆ ಇತ್ತು. ಅದು ವಿಟಮಿನ್ ಎ ಕೊರತೆಯ ಗುರುತು ಎಂದು ಆಸ್ಪತ್ರೆಯಲ್ಲಿ ಹೇಳಿದ ಮೇಲೆಯೇ ನನಗೆ ಅದರ ಗಾಂಭೀರ್ಯ ತಿಳಿದದ್ದು. ಔಷಧ ಕೊಟ್ಟ ಮೇಲೆ ಆ ಮಗು ಸಂಜೆಯೂ ಅಂಗಳದಲ್ಲಿ ಆಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮ ದೇಶದಲ್ಲಿ ಈ ಕೊರತೆಯಿಂದ ಬರುವ ಕುರುಡುತನವನ್ನು ತಡೆಯುವ ಕಾರ್ಯಕ್ರಮ 1970ರಲ್ಲಿಯೇ ಆರಂಭವಾಯಿತು. ಈಗ ಒಂಬತ್ತನೆಯ ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್‌ನಂತೆ ಐದು ವರ್ಷ ತುಂಬುವವರೆಗೆ ಒಟ್ಟು ಒಂಬತ್ತು ಸಲ ಮಕ್ಕಳಿಗೆ ಕುಡಿಸುತ್ತೇವೆ. ಇದು ಕ್ಯಾರೊಟಿನ್ ಅಲ್ಲ, ನೇರವಾಗಿ ವಿಟಮಿನ್ ಎ. ಕೆಲವು ತಾಯಂದಿರು ಮನೆಯಲ್ಲಿ ಸೊಪ್ಪು ಕೊಡುತ್ತೇವೆ, ಈ ಔಷಧ ಏಕೆ ಎಂದು ಕೇಳುತ್ತಾರೆ. ಅವರಿಗೆ ಏನು ಹೇಳಬೇಕು ಎಂದು ತಿಳಿದವರು ಬರೆದರೆ ಉಪಕಾರವಾಗುತ್ತದೆ.

ಆಹಾರ ರಸಾಯನಶಾಸ್ತ್ರದ ಅಧ್ಯಾಪಕ, ಮೈಸೂರು

ಅಕ್ಕಾ, ನಿಮ್ಮ ಪ್ರಶ್ನೆ ಈ ಶಾಸ್ತ್ರದಲ್ಲಿಯೇ ಒಂದು ದೊಡ್ಡ ವಿವಾದವನ್ನು ಎಬ್ಬಿಸಿತ್ತು. ಇಂಡೊನೇಷ್ಯಾದಲ್ಲಿ ಹಾಲೂಡಿಸುವ ತಾಯಂದಿರಿಗೆ ದಿನವೂ ಹೆಚ್ಚುವರಿ ಸೊಪ್ಪಿನ ಪಲ್ಯ ಕೊಟ್ಟು ನೋಡಿದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಸೊಪ್ಪು ತಿಂದವರಲ್ಲಿ ವಿಟಮಿನ್ ಎ ಮಟ್ಟ ಸುಧಾರಿಸಲಿಲ್ಲ, ಅಷ್ಟೇ ಬೀಟಾ ಕ್ಯಾರೊಟಿನ್ ಸೇರಿಸಿದ ಬಿಸ್ಕತ್ತಿನಂಥ ತಿನಿಸು ತಿಂದವರಲ್ಲಿ ಸುಧಾರಿಸಿತು. ಅದೇ ದೇಶದ ಶಾಲಾ ಮಕ್ಕಳ ಮೇಲಿನ ಮುಂದಿನ ಅಧ್ಯಯನದಲ್ಲಿ ಹಣ್ಣಿನ ಬೀಟಾ ಕ್ಯಾರೊಟಿನ್ 12 ಭಾಗಕ್ಕೆ ಒಂದು, ಸೊಪ್ಪು ಮತ್ತು ಕ್ಯಾರೆಟ್‌ನದು 26 ಭಾಗಕ್ಕೆ ಒಂದು ಎಂಬ ಲೆಕ್ಕ ಬಂತು. ನಾನು ಮೇಲೆ ಹೇಳಿದ 12ರ ಲೆಕ್ಕ ಎಲ್ಲ ಆಹಾರಕ್ಕೂ ಒಟ್ಟಾಗಿ ಹಿಡಿದದ್ದು ಎಂಬುದನ್ನು ಇಲ್ಲಿ ತಿದ್ದಿಕೊಳ್ಳಬೇಕು. ಕೊರತೆಯ ಅಂಚಿನಲ್ಲಿರುವ, ಹೊಟ್ಟೆಯಲ್ಲಿ ಜಂತುಹುಳು ಇರುವ, ಊಟದಲ್ಲಿ ಜಿಡ್ಡೇ ಕಾಣದ ಮಗುವಿಗೆ ಬರಿಯ ಸೊಪ್ಪು ಸಾಲದೆ ಹೋಗಬಹುದು. ಆದ್ದರಿಂದ ಹನಿಯನ್ನು ಕುಡಿಸಿ, ಜೊತೆಗೆ ಸೊಪ್ಪು, ಪರಂಗಿ ಹಣ್ಣು, ಮೊಟ್ಟೆ ಕೊಡಿ, ಸೊಪ್ಪಿಗೆ ಒಂದು ಚಮಚ ಎಣ್ಣೆ ಹಾಕಿ ಎಂದು ಹೇಳಿ.

ಕಿತ್ತಳೆ ಬಣ್ಣದ ಗೆಣಸಿನ ಬಳ್ಳಿಯನ್ನು ಸಾಧ್ಯವಾದರೆ ಕೇಂದ್ರದ ಹಿತ್ತಲಿನಲ್ಲಿ ಹಾಕಿಸಿ. ತಿರುವನಂತಪುರದ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯವರ ಭೂ ಸೋನಾ ಎಂಬ ತಳಿಯ 100 ಗ್ರಾಂ ಗೆಡ್ಡೆಯಲ್ಲಿ 14 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಇದೆ. ನಮ್ಮಲ್ಲಿ ಸಂಕ್ರಾಂತಿಗೆ ಬೇಯಿಸುವ ಬಿಳಿ ತಿರುಳಿನ ಗೆಣಸಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆಫ್ರಿಕಾದಲ್ಲಿ ಇಂಥ ಗೆಣಸನ್ನು ಹಳ್ಳಿಹಳ್ಳಿಗೆ ತಲುಪಿಸಿದವರಿಗೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿ ದೊರೆಯಿತು.

ದುಬೈನಲ್ಲಿರುವ ತಾಯಿ

ಮಕ್ಕಳ ವಿಷಯ ಬಂದದ್ದರಿಂದ ಕೇಳುತ್ತಿದ್ದೇನೆ. ನನ್ನ ಹತ್ತು ತಿಂಗಳ ಮಗನಿಗೆ ದಿನವೂ ಕ್ಯಾರೆಟ್, ಸಿಹಿಗುಂಬಳ, ಗೆಣಸನ್ನು ಬೇಯಿಸಿ ಮಸೆದು ಕೊಡುತ್ತೇನೆ. ಒಂದು ವಾರದಿಂದ ಅವನ ಮೂಗಿನ ತುದಿ, ಅಂಗೈ, ಅಂಗಾಲು ಹಳದಿಯಾಗಿವೆ. ವಿಡಿಯೊ ಕರೆಯಲ್ಲಿ ನೋಡಿದ ನಮ್ಮ ಅಮ್ಮ ಕಾಮಾಲೆಯೇ ಇರಬೇಕು ಎಂದು ಅಳುತ್ತಿದ್ದಾರೆ.

ನೇತ್ರತಜ್ಞೆ, ಹುಬ್ಬಳ್ಳಿ

ತಂಗಿ, ಮೊದಲು ಮಗುವನ್ನು ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ಹಿಡಿದು ಕಣ್ಣಿನ ಬಿಳಿಯ ಭಾಗವನ್ನು ನೋಡು. ಕಾಮಾಲೆಯಾದರೆ ಕಣ್ಣು ಹಳದಿಯಾಗಿರುತ್ತದೆ, ಮೂತ್ರದ ಬಣ್ಣ ಗಾಢವಾಗಿರುತ್ತದೆ. ಕ್ಯಾರೊಟಿನ್ ಹೆಚ್ಚಾಗಿ ಚರ್ಮದಲ್ಲಿ ಕೂತಿದ್ದರೆ ಕಣ್ಣು ಬೆಳ್ಳಗೇ ಇರುತ್ತದೆ, ಮಗು ಎಂದಿನಂತೆ ಆಡಿಕೊಂಡಿರುತ್ತದೆ. ಎರಡನೆಯದಾಗಿದ್ದರೆ ಅಪಾಯವಿಲ್ಲ, ಏಕೆಂದರೆ ದೇಹವು ಬೀಟಾ ಕ್ಯಾರೊಟಿನ್ ಅನ್ನು ತನಗೆ ಬೇಕಾದಷ್ಟೇ ವಿಟಮಿನ್ ಎ ಆಗಿ ಪರಿವರ್ತಿಸಿಕೊಳ್ಳುತ್ತದೆ. ತರಕಾರಿಗಳನ್ನು ಬದಲಿಸಿ ಕೊಟ್ಟರೆ ಕೆಲವು ವಾರಗಳಲ್ಲಿ ಬಣ್ಣ ಇಳಿಯುತ್ತದೆ. ಆದರೂ ಅಲ್ಲಿನ ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿಬಿಡು, ಅಮ್ಮನಿಗೂ ಸಮಾಧಾನವಾಗುತ್ತದೆ.

ದುಬೈನಲ್ಲಿರುವ ತಾಯಿ

ಕಣ್ಣು ಬೆಳ್ಳಗಿದೆ ಮೇಡಂ. ನಾಳೆಯೇ ವೈದ್ಯರಿಗೂ ತೋರಿಸುತ್ತೇನೆ. ತುಂಬಾ ಧನ್ಯವಾದಗಳು.

ಮೆಣಸಿನಕಾಯಿ ಬೆಳೆಗಾರ, ಹಾವೇರಿ ಜಿಲ್ಲೆ

ಬಣ್ಣದ ಚರ್ಚೆಯಲ್ಲಿ ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಹೆಸರು ಬಾರದಿದ್ದರೆ ಹೇಗ್ರೀ? 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದೇ ಇದರ ಬಣ್ಣ ಮತ್ತು ಕಡಿಮೆ ಖಾರಕ್ಕೆ. ಖರೀದಿದಾರರು ಕಾಯಿಯ ಬಣ್ಣ ನೋಡಿಯೇ ದರ ಹೇಳುತ್ತಾರೆ. ಮುದುಡಿದ ಸಿಪ್ಪೆಯ ಡಬ್ಬಿ ಎಂಬ ಬಗೆಯ ಕಾಯಿಯನ್ನು ಒಡೆದು ಒಳಗಿನ ಕೆಂಪನ್ನು ಬೆರಳಿನಿಂದ ಉಜ್ಜಿ ನೋಡುವವರೂ ಇದ್ದಾರೆ. ಈ ಬಣ್ಣದ ಸಾರ ತೆಗೆದು ಆಹಾರಕ್ಕೂ ತುಟಿಬಣ್ಣಕ್ಕೂ ಬಳಸುತ್ತಾರೆ. ಕಣದಲ್ಲಿ ಬಿಸಿಲಿಗೆ ಹೆಚ್ಚು ದಿನ ಬಿಟ್ಟರೆ, ಮನೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಕೆಂಪು ಹೋಗಿ ಕಾಯಿ ಮಾಸಲಾಗುವುದನ್ನು ನಾವು ಬೆಳೆಗಾರರು ನಷ್ಟ ಅನುಭವಿಸಿಯೇ ಕಲಿತಿದ್ದೇವೆ, ಅದಕ್ಕೇ ಶೀತಲಗೃಹಕ್ಕೆ ಬಾಡಿಗೆ ಕೊಟ್ಟು ಇಡುತ್ತೇವೆ. ಈ ಕೆಂಪೂ ಕ್ಯಾರೊಟಿನಾಯ್ಡೇ ಏನ್ರೀ, ಅಧ್ಯಾಪಕರೇ? ಇದರಿಂದ ಕಣ್ಣಿಗೆ ಲಾಭವಿದೆಯೇ?

ಆಹಾರ ರಸಾಯನಶಾಸ್ತ್ರದ ಅಧ್ಯಾಪಕ, ಮೈಸೂರು

ಕ್ಯಾರೊಟಿನಾಯ್ಡೇ ಹೌದು. ಮುಖ್ಯವಾಗಿ ಕ್ಯಾಪ್ಸಾಂಥಿನ್, ಅದರ ಜೊತೆಗೆ ಕ್ಯಾಪ್ಸೊರೂಬಿನ್. ಇವೆರಡರಿಂದಲೂ ವಿಟಮಿನ್ ಎ ಆಗುವುದಿಲ್ಲ. ಕಾಯಿಯಲ್ಲಿ ಬೀಟಾ ಕ್ಯಾರೊಟಿನ್ ಕೂಡ ಇದೆಯಾದರೂ ದಿನದ ಸಾರಿಗೆ ನಾವು ಹಾಕುವುದು ಕೆಲವೇ ಗ್ರಾಂ ಪುಡಿಯಾದ್ದರಿಂದ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ನೀವು ಹೇಳಿದ ಮಾಸಲಾಗುವ ಸಂಗತಿ ಮಾತ್ರ ಬಹಳ ಬೆಲೆಯುಳ್ಳದ್ದು. ಗಾಳಿ, ಬೆಳಕು, ಬಿಸಿ ಮೂರೂ ಸೇರಿ ಈ ಅಣುವಿನ ಸರಪಳಿಯನ್ನು ಕಡಿದುಹಾಕುತ್ತವೆ, ಕೆಂಪು ಹೋಯಿತೆಂದರೆ ಅಣುವೇ ಹೋಯಿತೆಂದರ್ಥ. ನುಗ್ಗೆ ಸೊಪ್ಪನ್ನು ಬಿಸಿಲಿನಲ್ಲಿ ಒಣಗಿಸಿ ಪುಡಿ ಮಾಡುವವರು ನೆರಳಿನಲ್ಲಿ ಒಣಗಿಸಿ, ಬೆಳಕು ಬೀಳದ ಡಬ್ಬಿಯಲ್ಲಿಡಬೇಕಾದದ್ದು ಇದೇ ಕಾರಣಕ್ಕೆ.

ಕಣ್ಣಿನ ಮಾತು ಬಂದದ್ದರಿಂದ ಇನ್ನೊಂದು ಬೆಳೆಯನ್ನೂ ನೆನೆಯುತ್ತೇನೆ. ಗುಂಡ್ಲುಪೇಟೆಯ ಕಡೆ ರಸ್ತೆಯ ಎರಡೂ ಬದಿಗೆ ಕಾಣುವ ಚೆಂಡುಹೂವಿನ ಹೊಲಗಳಲ್ಲಿ ಬಹಳಷ್ಟು ಪೂಜೆಗಾಗಿ ಬೆಳೆದವಲ್ಲ, ಅವುಗಳ ಎಸಳಿನಿಂದ ಲೂಟಿನ್ ತೆಗೆಯುತ್ತಾರೆ. ಡಾಕ್ಟರ್ ಅವರು ಬರೆದುಕೊಡುವ ಮಾತ್ರೆಗಳ ಲೂಟಿನ್ ಸಾಮಾನ್ಯವಾಗಿ ಚೆಂಡುಹೂವಿನದೇ. ಕೋಳಿಯ ಆಹಾರಕ್ಕೂ ಅದನ್ನು ಬೆರೆಸುತ್ತಾರೆ, ಮೊಟ್ಟೆಯ ಹಳದಿಗೆ ಗಾಢ ಬಣ್ಣ ಬರುವುದು ಅದರಿಂದಲೇ.

ತಿಪಟೂರಿನವ

ನಿಮ್ಮೆಲ್ಲರ ಉತ್ತರಗಳನ್ನು ಅಮ್ಮನಿಗೂ ಅಪ್ಪನಿಗೂ ಓದಿ ಹೇಳಿದೆ. ಡಬ್ಬಿಯನ್ನು ತೆಗೆದಿಟ್ಟಿದ್ದೇನೆ. ಚಿಕ್ಕಪ್ಪನ ಮಗನಿಗೂ ವಿವರಿಸಿದೆ, ಅವನು ಬೇಸರಪಟ್ಟುಕೊಳ್ಳಲಿಲ್ಲ. ಡಾಕ್ಟರ್ ಅವರಲ್ಲಿ ಎರಡು ಪ್ರಶ್ನೆಗಳು ಉಳಿದಿವೆ. ಲೂಟಿನ್ ಇರುವ ಹೊಸ ಮಾತ್ರೆಯನ್ನು ನಾನೂ ಅಮ್ಮನೂ ಮುನ್ನೆಚ್ಚರಿಕೆಯಾಗಿ ತೆಗೆದುಕೊಳ್ಳಬಹುದೇ? ಇನ್ನೊಂದು, ನಮ್ಮ ಪಕ್ಕದ ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸಿನ ತಾಮ್ರಗೆಂಪು ತೊಳೆ ಲೈಕೊಪೀನ್‌ನಿಂದ ಬಂದದ್ದು ಎನ್ನುತ್ತಾರೆ. ಅದನ್ನು ತಿಂದರೆ ಅಪ್ಪನ ಕಣ್ಣಿಗೆ ನೆರವಾಗುತ್ತದೆಯೇ?

ನೇತ್ರತಜ್ಞೆ, ಹುಬ್ಬಳ್ಳಿ

ಬೇಡ. ಆ ಮಾತ್ರೆಯ ಪ್ರಯೋಜನ ಕಂಡಿರುವುದು ಮಧ್ಯಮ ಹಂತ ತಲುಪಿದವರಲ್ಲಿ ಅಥವಾ ಒಂದು ಕಣ್ಣಿನಲ್ಲಿ ಕೊನೆಯ ಹಂತ ತಲುಪಿದವರಲ್ಲಿ ಮಾತ್ರ. ರೋಗವೇ ಇಲ್ಲದವರಿಗೆ ಅದು ರೋಗವನ್ನು ತಡೆಯುತ್ತದೆ ಎಂದು ಯಾವ ಪ್ರಯೋಗವೂ ತೋರಿಸಿಲ್ಲ. ತಂದೆಯವರಿಗೂ ಅವರ ವೈದ್ಯರು ಬರೆದುಕೊಟ್ಟ ಮೇಲೆಯೇ ಕೊಡಿ, ಅದರಲ್ಲಿರುವ ಸತುವಿನ ಪ್ರಮಾಣವೂ ಸಣ್ಣದಲ್ಲ. ಅದು ಕಳೆದುಹೋದ ದೃಷ್ಟಿಯನ್ನು ಮರಳಿಸುವುದಿಲ್ಲ, ಮುಂದಿನ ನಷ್ಟವನ್ನು ನಿಧಾನಗೊಳಿಸುತ್ತದೆ ಎಂಬುದನ್ನು ಅವರಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಎರಡು ತಿಂಗಳಲ್ಲಿ ಏನೂ ಗುಣ ಕಾಣಲಿಲ್ಲ ಎಂದು ನಿಲ್ಲಿಸುತ್ತಾರೆ.

ಸಿದ್ದು ಹಲಸನ್ನು ರುಚಿಗಾಗಿ ಸಂತೋಷದಿಂದ ತಿನ್ನಲಿ, ಮ್ಯಾಕ್ಯುಲಾದಲ್ಲಿ ಸೇರಿಕೊಳ್ಳುವುದು ಲೂಟಿನ್ ಮತ್ತು ಝಿಯಾಜಾಂಥಿನ್, ಲೈಕೊಪೀನ್ ಅಲ್ಲ. ಲೂಟಿನ್‌ಗಾಗಿ ಪಾಲಕ್, ದಂಟು, ನುಗ್ಗೆ, ಮೆಂತ್ಯ, ಹೊನಗೊನೆ, ಯಾವ ಸೊಪ್ಪು ಸಿಕ್ಕರೂ ಸರಿ, ಅಧ್ಯಾಪಕರು ಹೇಳಿದಂತೆ ಒಗ್ಗರಣೆ ಹಾಕಿ ಕೊಡಿ. ಝಿಯಾಜಾಂಥಿನ್ ಮುಸುಕಿನ ಜೋಳದಲ್ಲಿಯೂ ಕಿತ್ತಳೆ ಬಣ್ಣದ ದಪ್ಪ ಮೆಣಸಿನಕಾಯಿಯಲ್ಲಿಯೂ ಇದೆ. ಮೊಟ್ಟೆ ತಿನ್ನುವವರಾದರೆ ಹಳದಿಯನ್ನು ಬಿಸಾಡಬಾರದು, ಅದರಲ್ಲಿ ಲೂಟಿನ್ ಕಡಿಮೆ ಇದ್ದರೂ ಜಿಡ್ಡಿನೊಂದಿಗೇ ಇರುವುದರಿಂದ ಚೆನ್ನಾಗಿ ದಕ್ಕುತ್ತದೆ. ಅವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಸೊಪ್ಪನ್ನು ಏಕಾಏಕಿ ಹೆಚ್ಚಿಸಬೇಡಿ, ಅದರಲ್ಲಿರುವ ವಿಟಮಿನ್ ಕೆ ಆ ಔಷಧದ ಕೆಲಸವನ್ನು ಬದಲಿಸುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾಗಿ, ನಡುವೆ ಚುಕ್ಕೆಯಿರುವ ಚೌಕಳಿ ಗೆರೆಗಳ ಹಾಳೆಯೊಂದನ್ನು ನಿಮ್ಮ ವೈದ್ಯರಿಂದ ಪಡೆದು ಗೋಡೆಗೆ ಅಂಟಿಸಿ. ದಿನವೂ ಓದುವ ಕನ್ನಡಕ ಹಾಕಿ, ಒಂದೊಂದೇ ಕಣ್ಣು ಮುಚ್ಚಿ ಆ ಚುಕ್ಕೆಯನ್ನು ನೋಡಲಿ. ಗೆರೆಗಳು ಸೊಟ್ಟಗೆ, ಅಲೆಯಂತೆ ಕಂಡರೆ ಅಥವಾ ನಡುವೆ ಮಸುಕು ಕಂಡರೆ ಅದೇ ದಿನ ಆಸ್ಪತ್ರೆಗೆ ಬರಬೇಕು. ಕಣ್ಣಿನ ಹಿಂಭಾಗದಲ್ಲಿ ಹೊಸ ರಕ್ತನಾಳ ಸೋರಲು ಶುರುವಾದಾಗ ಬೇಗ ಚುಚ್ಚುಮದ್ದು ಕೊಟ್ಟರೆ ಬಹಳಷ್ಟು ದೃಷ್ಟಿಯನ್ನು ಉಳಿಸಬಹುದು.

ತಿಪಟೂರಿನವ

ಹಾಳೆಯನ್ನು ತಂದು ಅಪ್ಪ ಗಡ್ಡ ಬೋಳಿಸಿಕೊಳ್ಳುವ ಕನ್ನಡಿಯ ಪಕ್ಕದಲ್ಲಿ ಅಂಟಿಸಿದ್ದೇನೆ. ಇವತ್ತು ಬೆಳಗ್ಗೆ ಅಂಗೈಯಿಂದ ಎಡಗಣ್ಣು ಮುಚ್ಚಿ, ಆಮೇಲೆ ಬಲಗಣ್ಣು ಮುಚ್ಚಿ ನೋಡಿ, ಗೆರೆಗಳೆಲ್ಲ ನೇರವಾಗಿಯೇ ಇವೆ ಎಂದರು. ಅವರು ವಾರ್ಫರಿನ್ ತೆಗೆದುಕೊಳ್ಳುತ್ತಿಲ್ಲ. ಹೊಸ ಮಾತ್ರೆಯ ವಿಷಯವನ್ನು ಸೋಮವಾರ ನಮ್ಮ ವೈದ್ಯರಲ್ಲಿ ಕೇಳುತ್ತೇವೆ. ಮಧ್ಯಾಹ್ನಕ್ಕೆ ಅಮ್ಮ ಕಾಯಿತುರಿ ಹಾಕಿದ ಕ್ಯಾರೆಟ್ ಪಲ್ಯ ಮತ್ತು ದಂಟಿನ ಸೊಪ್ಪಿನ ಬಸ್ಸಾರು ಮಾಡಿದ್ದರು, ಅಪ್ಪ ಎರಡನೆಯ ಸಲ ಹಾಕಿಸಿಕೊಂಡು ಉಂಡರು.